ಬಿಸು ಕಣಿಗೆ ಗ್ರಿಲ್ಲಿನ ಸೌತೆ

(ಬೇಸಿಗೆಯಲ್ಲಿ ಕಿಟಕಿಯ ಗ್ರಿಲ್ಲಿನಲ್ಲಿ, ಟೆರೇಸಿನಲ್ಲಿ ತರಕಾರಿ ಬೆಳೆಯುವ ಬಗ್ಗೆ, ಮುಂಬಯಿ ಹತ್ತಿರದ ಡೊಂಬಿವಲಿಯ ಕನ್ನಡ ಬಳಗವೊಂದರಲ್ಲಿ ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಕೆಲವು ಕಡೆ ಒಪ್ಪ ಮಾಡಿದ್ದೇನೆ, ಸಭಿಕರ ಪ್ರಶ್ನೆಗಳನ್ನು ಬಂದಲ್ಲೇ ಬಿಟ್ಟಿದ್ದೇನೆ.)

ಇವತ್ತು ಮಾರ್ಚ್ 1. ತುಳುನಾಡಿನ ಹೊಸ ವರ್ಷ ಬಿಸುವಿಗೆ ಇನ್ನು 45 ದಿನ. ಮುಳ್ಳುಸೌತೆಯ ಬೀಜ ಮಣ್ಣಿಗೆ ಬಿದ್ದು ಮೊದಲ ಕಾಯಿ ಕೈಗೆ ಬರಲು ಹೆಚ್ಚುಕಡಿಮೆ ಅಷ್ಟೇ ದಿನ ಬೇಕು. ಹಾಗಾಗಿ ನಾನು ಒಂದು ಗಂಟೆಗಿಂತ ಜಾಸ್ತಿ ಮಾತಾಡಿದರೆ ನಷ್ಟ ನಿಮಗೇ. ಮನೆಗೆ ಹೋಗಿ ಬಿತ್ತಬೇಕಲ್ಲ.

ಪರಿಚಯ ಮಾಡಿಕೊಟ್ಟವರು ನನ್ನನ್ನು ‘ಕೃಷಿ ತಜ್ಞೆ’ ಅಂದುಬಿಟ್ಟರು. ಅದನ್ನು ಇಲ್ಲೇ ತೊಳೆದುಬಿಡೋಣ. ನಾನು 31 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿದವಳು. ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದೆ ಅನ್ನುವುದು ಹೌದು. ಆದರೆ ಅಮ್ಮ ಸೌತೆ ಸಾಲಿಗೆ ನೀರು ಹೊರಲು ಕರೆದಾಗಲೆಲ್ಲ ನನಗೆ ಪರೀಕ್ಷೆ ಇರುತ್ತಿತ್ತು, ರಜೆಯಲ್ಲಿ ಕೂಡ. ನನ್ನ ಈಗಿನ ಆಸ್ತಿ ನಾಲ್ಕನೇ ಮಹಡಿಯ ಎರಡು ಗ್ರಿಲ್ಲು, ಸೊಸೈಟಿಯವರು ಮನಸ್ಸು ಮಾಡಿದ ವರ್ಷ ಟೆರೇಸಿನ ಒಂದು ಮೂಲೆ. ಅಷ್ಟೇ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳುತ್ತೇನೆ. ಗಿಡ ನೆಡುವ ಪಾತ್ರೆಗೆ ಮರಾಠಿಯಲ್ಲಿ ‘ಕುಂಡಿ’ ಅನ್ನುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದ ಮನೆಯ ಕಾಕು ಬಾಗಿಲಲ್ಲಿ ನಿಂತು ‘ತುಮ್ಚಿ ಕುಂಡಿ ಛಾನ್ ಆಹೆ’, ಅಂದರೆ ನಿಮ್ಮ ಕುಂಡಿ ಚೆನ್ನಾಗಿದೆ ಎಂದರು. ನಾನು ಒಳಗೆ ಓಡಿದೆ. ಯಾಕೆ ಓಡಿದೆ ಅನ್ನುವುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಆದ್ದರಿಂದ ಈ ಮಾತಿನುದ್ದಕ್ಕೂ ನಾನು ನಮ್ಮೂರಿನ ಹಾಗೆ ‘ಚಟ್ಟಿ’ ಎಂದೇ ಹೇಳುತ್ತೇನೆ.

ನಾವೆಲ್ಲ ಮಾಡುವ ತಪ್ಪು ಶುರುವಾಗುವುದು ಜನವರಿ, ಫೆಬ್ರವರಿಯಲ್ಲಿ. ಆ ಹೊತ್ತಿಗೆ ಮುಂಬಯಿ ಬೈಕುಲಾದ ರಾಣಿಬಾಗ್ ಉದ್ಯಾನದಲ್ಲಿ ಮಹಾನಗರಪಾಲಿಕೆಯ ಹೂವು, ಹಣ್ಣು, ತರಕಾರಿಯ ಪ್ರದರ್ಶನ ಇರುತ್ತದೆ. ನೋಡಲೇಬೇಕಾದದ್ದು. ಚಟ್ಟಿಯಲ್ಲಿ ಎಲೆಕೋಸು, ಚಟ್ಟಿಯಲ್ಲಿ ಕೆಂಪಗೆ ಜೋತುಬಿದ್ದ ಟೊಮೆಟೊ. ನೋಡಿ ಬಂದವರ ಕೈ ಸುಮ್ಮನಿರುವುದಿಲ್ಲ, ದಾರಿಯಲ್ಲೇ ನರ್ಸರಿಗೆ ನುಗ್ಗಿ ನಾಲ್ಕು ಟೊಮೆಟೊ ಸಸಿ, ಒಂದು ಪ್ಯಾಕೆಟ್ ಪಾಲಕ್, ಒಂದು ಕೊತ್ತಂಬರಿ. ಆದರೆ ಅಲ್ಲಿ ನಾವು ಕಂಡದ್ದು ಚಳಿ ಶುರುವಾಗುವ ಮೊದಲು ಬಿತ್ತಿದ ತೋಟ. ಅಂದರೆ ಪಂಕ್ತಿ ಊಟ ಮುಗಿಯುವ ಹೊತ್ತು. ನಾವು ಆಗ ಹೋಗಿ ಎಲೆ ಹಾಸಿಕೊಂಡು ಕೂರುತ್ತೇವೆ.

ಟೊಮೆಟೊ ಪಾಪ, ಎಲೆ ಬಿಡುತ್ತದೆ, ಹೂವೂ ಬಿಡುತ್ತದೆ. ಆಮೇಲೆ ಹೂವು ತೊಟ್ಟು ಸಮೇತ ಉದುರುತ್ತದೆ. ಗೊಬ್ಬರ ಕಡಿಮೆಯಾಯಿತೆಂದು ನೀವು ಹಿಂಡಿ ಹಾಕುತ್ತೀರಿ, ಅದು ಇನ್ನಷ್ಟು ಎಲೆ ಬಿಡುತ್ತದೆ. ಕೊರತೆ ಗೊಬ್ಬರದ್ದಲ್ಲ, ರಾತ್ರಿಯದ್ದು. ಹಗಲು 35 ಡಿಗ್ರಿ ದಾಟಿ, ರಾತ್ರಿ 24-25ಕ್ಕಿಂತ ಕೆಳಗಿಳಿಯದೆ ಹೋದರೆ ಟೊಮೆಟೊ ಹೂವಿನ ಪರಾಗ ಸೊರಗುತ್ತದೆ, ಕಾಯಿ ಕಚ್ಚುವುದಿಲ್ಲ. ಏಪ್ರಿಲ್, ಮೇ ರಾತ್ರಿಗಳಲ್ಲಿ ನಮಗೇ ಫ್ಯಾನು ಸಾಲುವುದಿಲ್ಲ. ಹೇಗೋ ಕಚ್ಚಿದ ಒಂದೆರಡು ಕಾಯಿಯೂ ಕೆಂಪಾಗದೆ ಹಳದಿಯಲ್ಲೇ ನಿಲ್ಲುತ್ತದೆ. ಸೆಕೆ 30-32 ಡಿಗ್ರಿ ಮೀರಿದರೆ ಕೆಂಪು ಕೊಡುವ ಲೈಕೋಪಿನ್ ಸರಿಯಾಗಿ ತುಂಬುವುದೇ ಇಲ್ಲ. ಕೊತ್ತಂಬರಿ ನಾಲ್ಕು ಎಲೆ ಬಿಟ್ಟು ಹೂವಿಗೆ ಹೋಗುತ್ತದೆ. ನಾನು ಆರು ವರ್ಷ ಇದನ್ನೇ ಮಾಡಿದೆ. ಪ್ರತಿ ವರ್ಷವೂ ನನ್ನ ಕೈಗುಣವನ್ನೇ ಬೈದುಕೊಂಡೆ.

ಏಳನೇ ವರ್ಷ ಅಮ್ಮ ಬಂದರು. ಗ್ರಿಲ್ಲಿನಲ್ಲಿ ಬಾಡಿದ ಟೊಮೆಟೊ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಕೊಳಕೆಯ ಹೊತ್ತಿಗೆ ಇದನ್ನು ಯಾಕೆ ನೆಟ್ಟೆ?’

ಇಲ್ಲಿರುವ ಘಟ್ಟದ ಮೇಲಿನವರಿಗೆ ಹೇಳಬೇಕು. ತುಳುನಾಡಿನಲ್ಲಿ ಗದ್ದೆಗೆ ಮೂರು ಬೆಳೆ. ಮಳೆಗಾಲದ್ದು ಏಣೆಲು, ಆಮೇಲಿನದ್ದು ಸುಗ್ಗಿ, ಬೇಸಿಗೆಯದ್ದು ಕೊಳಕೆ. ಕೊಳಕೆಗೆ ಭತ್ತ ಬೆಳೆಯುವಷ್ಟು ನೀರು ಎಲ್ಲ ಗದ್ದೆಗೂ ಇರುವುದಿಲ್ಲ. ನೀರು ಸಾಲದ ಗದ್ದೆಯಲ್ಲಿ ಹೆಂಗಸರು ತರಕಾರಿ ಮಾಡುತ್ತಿದ್ದರು. ಕೆರೆಯಿಂದ ಕೊಡಪಾನದಲ್ಲಿ ನೀರು ಹೊತ್ತು ಸೌತೆ, ಬೆಂಡೆ, ಅಲಸಂಡೆ, ಹರಿವೆ, ಹೀರೆ. ಅದೇ ತರಕಾರಿ ಬಿಸುವಿನ ಬೆಳಿಗ್ಗೆ ಎದ್ದ ಕೂಡಲೇ ನೋಡುವ ಕಣಿಯಲ್ಲಿ ಅಕ್ಕಿ, ತೆಂಗಿನಕಾಯಿ, ಕನ್ನಡಿ, ಚಿನ್ನದ ಪಕ್ಕ ಕೂರುತ್ತಿತ್ತು. ಬೇಸಿಗೆಯ ತರಕಾರಿ ಯಾವುದು ಎಂದು ಯಾವ ಪುಸ್ತಕವನ್ನೂ ನೋಡಬೇಕಾಗಿರಲಿಲ್ಲ, ಕಣಿಯ ತಟ್ಟೆ ನೋಡಿದರೆ ಸಾಕಿತ್ತು.

ನಾನು ಹೇಳಬೇಕೆಂದು ಬಂದದ್ದು ಇದೇ. ಮುಂಬಯಿಯನ್ನು ನಾವು ಊರಿನಿಂದ ಬಹಳ ದೂರದ ಜಾಗ ಎಂದುಕೊಂಡಿದ್ದೇವೆ. ರೈಲಿನ ಲೆಕ್ಕದಲ್ಲಿ ಹೌದು, ಬೆಂಡೆಕಾಯಿಯ ಲೆಕ್ಕದಲ್ಲಿ ಅಲ್ಲ. ಅದೇ ಅರಬ್ಬಿ ಕಡಲು, ಅದೇ ಬೆವರು, ಜೂನಿನಲ್ಲಿ ಬರುವ ಅದೇ ಮಳೆ. ಊರಿನ ಕೊಳಕೆಯ ತರಕಾರಿ ಇಲ್ಲೂ ಬರುತ್ತದೆ. ಬೀಜಕ್ಕೆ ಊರಿಗೆ ಫೋನ್ ಮಾಡಬೇಕೆಂದೂ ಇಲ್ಲ. ಸ್ಟೇಷನ್ ಹತ್ತಿರದ ಬೀಜದ ಅಂಗಡಿಯಲ್ಲಿ ಹರಿವೆಗೆ ಲಾಲ್ ಮಾಠ್ ಅನ್ನಿ, ಅಲಸಂಡೆಗೆ ಚವಳಿ, ಹೀರೆಗೆ ದೋಡಕಾ, ಪಡುವಲಕ್ಕೆ ಪಡವಳ. ಬಸಳೆಗೆ ಮಾಯಾಳೂ, ಅದಕ್ಕಂತೂ ಬೀಜವೂ ಬೇಡ, ಸಾರಿಗೆಂದು ತಂದ ಕಟ್ಟಿನಲ್ಲಿ ದಪ್ಪ ದಂಟು ನೋಡಿ ಒಂದು ಗೇಣು ಚುಚ್ಚಿದರೆ ಸಾಕು. ಸಾಂಬಾರು ಸೌತೆಗೆ ಮಾತ್ರ ಊರಿನ ಸಾಮಾನು ಸಿಗುವ ಮಂಗಳೂರು ಸ್ಟೋರಿಗೆ ಹೋಗಿ. ಚೆನ್ನಾಗಿ ಹಣ್ಣಾಗಿ ಹಳದಿ ತಿರುಗಿದ ಒಂದು ಕಾಯಿ ತನ್ನಿ, ಹುಳಿ ಮಾಡಿ, ಬೀಜ ತೊಳೆದು ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸಿ. ಒಂದು ಸೌತೆಯಲ್ಲಿ ಇಡೀ ಬಿಲ್ಡಿಂಗಿಗೆ ಹಂಚುವಷ್ಟು ಬೀಜ ಇರುತ್ತದೆ.

ಬೆಂಡೆ ಬೀಜ ರಾತ್ರಿ ನೀರಲ್ಲಿ ನೆನೆಹಾಕಿ ನೇರ ಚಟ್ಟಿಗೇ ಬಿತ್ತಿ, ಸಸಿ ಕಿತ್ತು ನೆಟ್ಟರೆ ಅದಕ್ಕೆ ಸಿಟ್ಟು ಬರುತ್ತದೆ. ಅರ್ಕಾ ಅನಾಮಿಕಾ ಎಂಬ ತಳಿ ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯದ್ದು, ಪರ್ಭಣಿ ಕ್ರಾಂತಿ ಮರಾಠವಾಡದ ಪರ್ಭಣಿ ಕೃಷಿ ವಿಶ್ವವಿದ್ಯಾಲಯದ್ದು. ಎರಡೂ ಎಲೆಯ ನರ ಹಳದಿಯಾಗುವ ರೋಗವನ್ನು ತಡೆದುಕೊಳ್ಳಲೆಂದೇ ಮಾಡಿದವು. ಒಂದು ತವರಿನದ್ದು, ಒಂದು ಗಂಡನ ಮನೆಯದ್ದು. ನಾನು ಎರಡನ್ನೂ ಹಾಕುತ್ತೇನೆ, ಜಗಳ ಬೇಡ.

ಈಗ ಚಟ್ಟಿಯ ವಿಚಾರ. ನಮ್ಮ ಗದ್ದೆಯಲ್ಲಿ ಒಂದು ಕ್ರಮ ಇತ್ತು, ಆಗ ನಾನು ಗಮನಿಸಿರಲೇ ಇಲ್ಲ: ಮಳೆಗಾಲದ ತರಕಾರಿಗೆ ದಿಬ್ಬ, ಬೇಸಿಗೆಯ ತರಕಾರಿಗೆ ಗುಂಡಿ. ಮಳೆಯಲ್ಲಿ ನೀರು ಬುಡದಿಂದ ಓಡಿಹೋಗಬೇಕು, ಬೇಸಿಗೆಯಲ್ಲಿ ಬುಡದಲ್ಲೇ ನಿಂತು ಇಂಗಬೇಕು. ನಾವು ಚಟ್ಟಿಗೆ ಅಂಚಿನವರೆಗೆ ಮಣ್ಣು ತುಂಬಿ, ಮೇಲೊಂದು ಗೋಪುರವನ್ನೂ ಮಾಡುತ್ತೇವೆ. ಅದು ಮಳೆಗಾಲದ ಚಟ್ಟಿ. ಈಗ ಅಂಚಿನಿಂದ ಮೂರು ಇಂಚು ಕೆಳಗೆ ಮಣ್ಣು ನಿಲ್ಲಿಸಿ. ಮೇಲೆ ಎರಡು ಇಂಚು ಹೊದಿಕೆ. ಒಂದು ಇಂಚು ನೀರು ನಿಲ್ಲಲು.

ಹೊದಿಕೆಗೆ ಏನು ಹಾಕಲಿ ಎಂದು ಕೇಳುವವರನ್ನು ನಾನು ಕಿಟಕಿಯಿಂದ ಹೊರಗೆ ನೋಡಿ ಅನ್ನುತ್ತೇನೆ. ಫೆಬ್ರವರಿ, ಮಾರ್ಚ್ ಎಂದರೆ ಅರಳಿ, ಬಾದಾಮಿ, ಮಳೆಮರಗಳು ಎಲೆ ಉದುರಿಸುವ ಕಾಲ. ಸೊಸೈಟಿಯ ಗುಡಿಸುವವರು ದಿನಾ ಬೆಳಿಗ್ಗೆ ಗೋಣಿಗಟ್ಟಲೆ ಒಟ್ಟುಮಾಡಿ ಎಸೆಯುತ್ತಾರೆ. ಅದೇ ಹೊತ್ತಿಗೆ ಮೂಲೆಮೂಲೆಯಲ್ಲಿ ಕಬ್ಬಿನ ಹಾಲಿನ ಗಾಡಿ, ಗಾಡಿಯ ಪಕ್ಕ ಸಿಪ್ಪೆಯ ಗುಡ್ಡ. ಇಲ್ಲೇ ಮುಂಬಯಿಯಲ್ಲಿ ಡಾ. ಆರ್.ಟಿ. ದೋಶಿ ಎಂಬವರು ಮಣ್ಣು ಕಡಿಮೆ, ಕಬ್ಬಿನ ಸಿಪ್ಪೆ ಜಾಸ್ತಿ ತುಂಬಿದ ಚೀಲಗಳಲ್ಲಿ ಮಹಡಿಯ ಮೇಲೆ ಹಣ್ಣು, ತರಕಾರಿ ಬೆಳೆದು ತೋರಿಸಿದ್ದರು. ಮುಂಬಯಿ ಬಂದರಿನ ಕೇಂದ್ರ ಅಡುಗೆಮನೆಯ ಮಹಡಿಯಲ್ಲೂ ಅಡುಗೆಯ ಕಸದಿಂದಲೇ ತೋಟ ಎದ್ದಿತ್ತು. ಅಂದರೆ ಇದು ನನ್ನ ತಲೆಯಿಂದ ಬಂದ ಸಂಶೋಧನೆ ಅಲ್ಲ. ನನ್ನದೇ ಅನುಭವ ಒಂದು ಸೇರಿಸುತ್ತೇನೆ: ಸಿಪ್ಪೆಯನ್ನು ಒಮ್ಮೆ ನೀರಿಗೆ ಹಾಕಿ ತೊಳೆದು ಎರಡು ದಿನ ಬಿಸಿಲಿಗೆ ಒಣಗಿಸಿ. ಹಾಗೇ ತಂದು ಹಾಕಿದ ದಿನ ಡೊಂಬಿವಲಿಯ ಇರುವೆಗಳೆಲ್ಲ ನಮ್ಮ ಗ್ರಿಲ್ಲಿಗೆ ಬಂದಿದ್ದವು. ಯಾವ ಹೊದಿಕೆಯಾದರೂ ಕಾಂಡಕ್ಕೆ ತಾಗಬಾರದು, ಎರಡು ಬೆರಳು ದೂರ ಇರಲಿ.

ಸೊಪ್ಪಿಗೆ ನನ್ನ ಅತಿ ಇಷ್ಟದ ಚಟ್ಟಿ ಮೀನು ಮಾರ್ಕೆಟಿನ ಥರ್ಮಕೋಲ್ ಡಬ್ಬ. ಸಸ್ಯಾಹಾರಿಗಳು ಮುಖ ಸಿಂಡರಿಸಬೇಡಿ, ಎರಡು ಸಲ ತೊಳೆದರೆ ಉಪ್ಪೂ ಹೋಗುತ್ತದೆ, ವಾಸನೆಯೂ. ಮಂಜುಗಡ್ಡೆಯನ್ನು ಕಾಯುವ ಡಬ್ಬ ಬೇರನ್ನು ಕಾಯದೇ? ಅಡಿಯಲ್ಲಿ ನಾಲ್ಕು ತೂತು ಮಾಡಿ ಹರಿವೆ ಚೆಲ್ಲಿದರೆ 25-30 ದಿನಕ್ಕೆ ಸಾರು. ಕಪ್ಪು ಗ್ರೋ ಬ್ಯಾಗು ಮಾತ್ರ ಟೆರೇಸಿನ ಕಾಂಕ್ರೀಟಿನ ಮೇಲೆ ನೇರ ಇಡಬೇಡಿ. ಮಧ್ಯಾಹ್ನ ಅದರ ಪಕ್ಕದ ಮಣ್ಣಿಗೆ ಬೆರಳು ಹಾಕಿ ನೋಡಿ, ನಿಮಗೇ ತಿಳಿಯುತ್ತದೆ. ಎರಡು ಇಟ್ಟಿಗೆಯ ಮೇಲೆ ಏರಿಸಿ, ಹೊರಗಿನಿಂದ ಬಿಳಿ ಬಟ್ಟೆಯೋ ಗೋಣಿಯೋ ಸುತ್ತಿ. ಬೆಂಡೆಗೆ 10-12 ಲೀಟರಿನ ಡಬ್ಬ ಸಾಕು. ಹೀರೆ, ಸೌತೆಯ ಬಳ್ಳಿಗೆ 20 ಲೀಟರಿನ ಪೇಂಟ್ ಬಕೆಟ್ ಬೇಕು.

ಇಷ್ಟರವರೆಗೆ ಅಮ್ಮನ ಗದ್ದೆ. ಅವರಿಗೆ ಗೊತ್ತಿಲ್ಲದ ಒಂದು ವಸ್ತು ನಮ್ಮಲ್ಲಿತ್ತು, ಗೋಡೆ. ಆ ಸಲ ಬಂದಾಗ ರಾತ್ರಿ ಎಂಟೂವರೆಗೆ ಪಡುವಣ ಗ್ರಿಲ್ಲಿನ ಪಕ್ಕದ ಗೋಡೆಗೆ ಅಂಗೈ ಇಟ್ಟು ನೋಡಿದರು. ‘ಇದು ಒಲೆ ಮಾರಾಯ್ತಿ’ ಎಂದರು. ಗದ್ದೆಯಲ್ಲಿ ಸೂರ್ಯ ಮುಳುಗಿದ ಮೇಲೆ ಮಣ್ಣು ತಣಿಯುತ್ತದೆ, ಗಿಡ ಉಸಿರಾಡುತ್ತದೆ. ನಮ್ಮ ಗೋಡೆ ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ಹನ್ನೊಂದರವರೆಗೆ ವಾಪಸ್ ಕೊಡುತ್ತಿರುತ್ತದೆ. ಹಾಗಾಗಿ ಪಡುವಣ ಗ್ರಿಲ್ಲಿನಲ್ಲಿ ಚಟ್ಟಿಯನ್ನು ಗೋಡೆಗೆ ಅಂಟಿಸಿ ಇಡಬಾರದು. ಮಧ್ಯಾಹ್ನ ಎರಡರಿಂದ ಐದರವರೆಗೆ ಹೊರಗಿನಿಂದ ಹಳೆಯ ಹತ್ತಿ ಪಂಚೆ ಕಟ್ಟಿ, ಒದ್ದೆ ಮಾಡಿದರೆ ಇನ್ನೂ ಒಳ್ಳೆಯದು. ನೆರಳಿಗೆ ಹಸಿರು ಬಲೆ ತರುವವರು 50 ಶೇಕಡಾ ನೆರಳಿನದ್ದನ್ನೇ ತನ್ನಿ, ಕತ್ತಲೆ ಮಾಡುವ 75ರದ್ದು ಬೇಡ.

ಗ್ರಿಲ್ಲಿನವರಿಗೆ ಇನ್ನೊಂದು ಮೋಸ ಇದೆ. ಇದನ್ನು ನಾನು ನಾಲ್ಕು ವರ್ಷ ತಡವಾಗಿ ಕಂಡುಕೊಂಡೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಕಿಟಕಿಯಿಂದ ಬಿಸಿಲು ಮಂಚದವರೆಗೆ ಬರುತ್ತದೆ. ಆಹಾ ಎಷ್ಟು ಬಿಸಿಲು ಎಂದು ಅಲ್ಲೇ ಎಲ್ಲ ಬಿತ್ತುತ್ತೇವೆ. ಮಾರ್ಚಿನಿಂದ ಅವನು ಮೇಲೇರುತ್ತಾ ಹೋಗುತ್ತಾನೆ. ಮುಂಬಯಿಯಲ್ಲಿ ಮೇ 15ರ ಸುಮಾರಿಗೆ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ, ನೆಟ್ಟಗೆ ನಿಂತ ಕೋಲಿಗೆ ನೆರಳೇ ಇಲ್ಲದ ದಿನ ಅದು. ಆಮೇಲೆ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ. ಅಂದರೆ ಹೊರಗೆ ಬಿಸಿಲು ಏರುತ್ತಾ ಹೋದಂತೆ ದಕ್ಷಿಣದ ಗ್ರಿಲ್ಲಿನಲ್ಲಿ, ಮೇಲಿನ ಮನೆಯ ಸ್ಲ್ಯಾಬಿನ ಅಡಿಯಲ್ಲಿ, ಬಿಸಿಲು ಕಡಿಮೆಯಾಗುತ್ತದೆ. ಬೆಂಡೆ ಉದ್ದಕ್ಕೆ ಸೊರಗಿ ಬೆಳೆದು ಹೂ ಬಿಡದೆ ನಿಲ್ಲುವುದು ಇದಕ್ಕೇ. ದಕ್ಷಿಣದವರು ಹರಿವೆ, ಬಸಳೆ ಹಾಕಿ, ಮೂರು ನಾಲ್ಕು ಗಂಟೆ ಬಿಸಿಲಾದರೂ ಅವು ಬದುಕುತ್ತವೆ. ಕಾಯಿ ಬಿಡುವುದಕ್ಕೆಲ್ಲ ಆರು ಗಂಟೆ ಬೇಕು. ಮೂಡಣ ಗ್ರಿಲ್ಲು ಇರುವವರು ಪುಣ್ಯವಂತರು, ಅವರಿಗೆ ನಾನು ಏನೂ ಹೇಳುವುದಿಲ್ಲ.

(ಇಲ್ಲೊಬ್ಬರು ಎದ್ದುನಿಂತು, ಮೇ ತಿಂಗಳಲ್ಲಿ ಊರಿಗೆ ಹೋಗುತ್ತೇವೆ, ಮಾರ್ಚಿನಲ್ಲಿ ಅಂಥ ಬಿಸಿಲೇನೂ ಇರುವುದಿಲ್ಲವಲ್ಲ ಎಂದರು.)

ಅಲ್ಲೇ ನಾವು ಎಡವುವುದು. ಮುಂಬಯಿಯ ಬಿಸಿಲಿನ ದಾಖಲೆ ಮೇ ತಿಂಗಳದ್ದಲ್ಲ. ಸಾಂತಾಕ್ರೂಜಿನಲ್ಲಿ 42.2 ಡಿಗ್ರಿ ಮುಟ್ಟಿದ್ದು 1952ರ ಏಪ್ರಿಲ್ 14ರಂದು, ನಮ್ಮ ಬಿಸುವಿನ ಹೊತ್ತಿಗೇ. 1956ರಲ್ಲಿ ಮಾರ್ಚ್ 28ಕ್ಕೇ 41.7 ಆಗಿತ್ತು. ಮೇ ತಿಂಗಳಲ್ಲಿ ಬೆವರು ಜಾಸ್ತಿ ಹೌದು, ಆದರೆ ಕಡಲ ಗಾಳಿ ಬೆಳಿಗ್ಗೆಯೇ ಒಳಗೆ ಬಂದು ಉಷ್ಣ ಏರದಂತೆ ತಡೆಯುತ್ತದೆ. ಮಾರ್ಚ್, ಏಪ್ರಿಲಿನ ಕೆಲವು ದಿನ ಮೂಡಣದ ಒಣಗಾಳಿ ಮಧ್ಯಾಹ್ನದವರೆಗೂ ಆ ಕಡಲ ಗಾಳಿಯನ್ನು ತಡೆದು ನಿಲ್ಲಿಸುತ್ತದೆ. ಕಡಲಿನಿಂದ ದೂರವಿರುವ ನಮ್ಮ ಡೊಂಬಿವಲಿ, ಕಲ್ಯಾಣ, ಬದಲಾಪುರದ ಪಾಡು ಕೇಳಬೇಕೇ? ಅಂಥ ದಿನವನ್ನು ಗುರುತಿಸಲು ಮೊಬೈಲ್ ಬೇಡ. ಬೆಳಿಗ್ಗೆ ಹಾಕಿದ ಬಟ್ಟೆ ಹನ್ನೊಂದಕ್ಕೆ ಹಪ್ಪಳದ ಹಾಗೆ ಗರಿಗರಿ ಒಣಗಿ ತುಟಿ ಬಿರಿದರೆ ಅದೇ ದಿನ. ಅವತ್ತು ಗ್ರಿಲ್ಲಿಗೆ ಪಂಚೆ ಬೇಗ ಕಟ್ಟಿ, ಒಂದು ದಿನ ನಿರ್ಲಕ್ಷ್ಯ ಮಾಡಿದರೂ ಎಳೆ ಬಳ್ಳಿ ಸುಟ್ಟುಹೋಗುತ್ತದೆ.

ಈಗ ನೀರು. ನನ್ನ ಲೆಕ್ಕದಲ್ಲಿ ಮಾರ್ಚಿನಲ್ಲಿ ಗಿಡಗಳು ಬಾಯಾರಿ ಸತ್ತದ್ದಕ್ಕಿಂತ ನಮ್ಮ ಪ್ರೀತಿಯಲ್ಲಿ ಮುಳುಗಿ ಸತ್ತದ್ದೇ ಹೆಚ್ಚು. ಮಧ್ಯಾಹ್ನ ಎರಡು ಗಂಟೆಗೆ ಸೌತೆ, ಹೀರೆಯ ಎಲೆ ಜೋತುಬೀಳುತ್ತದೆ. ಅಯ್ಯೋ ಎಂದು ಒಂದು ಮಗ್ ಸುರಿಯುತ್ತೇವೆ. ಅಷ್ಟು ದೊಡ್ಡ ಎಲೆಯಿಂದ ಆವಿಯಾಗುವಷ್ಟು ವೇಗದಲ್ಲಿ ಬೇರು ನೀರು ಏರಿಸಲಾಗದೆ ಎಲೆ ಬಾಗುತ್ತದೆ, ಮಣ್ಣು ಒದ್ದೆ ಇದ್ದರೂ ಬಾಗುತ್ತದೆ. ಸಂಜೆ ಆರಕ್ಕೆ ನೋಡಿ, ಎದ್ದು ನಿಂತಿರುತ್ತದೆ. ಬೆಳಿಗ್ಗೆ ಏಳಕ್ಕೂ ಬಾಗಿಯೇ ಇದ್ದರೆ ಮಾತ್ರ ಗಾಬರಿಯಾಗಿ. ಹೊದಿಕೆ ಸರಿಸಿ ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಊರಿ. ಒಳಗೆ ತಂಪಿದ್ದು ಮಣ್ಣು ಬೆರಳಿಗೆ ಅಂಟಿದರೆ ಇವತ್ತು ನೀರು ಬೇಡ. ಇಷ್ಟೇ ಶಾಸ್ತ್ರ.

ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ತುಂಬಿದವರು ಹುಷಾರು. ಅದು ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಕಿದ್ದು ಚಟ್ಟಿಯ ಬದಿಯಿಂದ ಜಾರಿ ಕೆಳಗೆ ಬರುತ್ತದೆ, ನೀವು ಸಾಕಷ್ಟಾಯಿತು ಎಂದುಕೊಳ್ಳುತ್ತೀರಿ. ಕಾಲು ಮಗ್ ಹಾಕಿ, ಹತ್ತು ನಿಮಿಷ ಬಿಟ್ಟು ಉಳಿದದ್ದು ಹಾಕಿ. ಹೀಗೆ ಜಾರಿದ ನೀರೇ ನನ್ನ ಮಾನ ಕಳೆದದ್ದು. ಕೆಳಗಿನ ಮನೆಯವರು ಒಣಹಾಕಿದ್ದ ಬಿಳಿ ಅಂಗಿಯ ಮೇಲೆ ಕೆಂಪು ಮಣ್ಣಿನಲ್ಲಿ ಇಡೀ ಕೊಂಕಣದ ನಕ್ಷೆ ಬಿದ್ದಿತ್ತು. ಅವರು ಅಂಗಿಯನ್ನು ಹ್ಯಾಂಗರಿನ ಸಮೇತ ತಂದು ಬಾಗಿಲಿಗೆ ನೇತುಹಾಕಿ ಹೋದರು, ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಪ್ರತಿ ಚಟ್ಟಿಯ ಅಡಿಗೂ ತಟ್ಟೆ ಉಂಟು, ಅವರ ಮನೆಗೆ ವಾರಕ್ಕೊಮ್ಮೆ ಹರಿವೆಯೂ ಹೋಗುತ್ತದೆ.

ಟೆರೇಸಿನವರು ಮಧ್ಯಾಹ್ನದ ಮೇಲೆ ಪೈಪು ತೆರೆದ ಕೂಡಲೇ ಗಿಡಕ್ಕೆ ಹಿಡಿಯಬೇಡಿ. ಮೊದಲ ಒಂದೆರಡು ಬಕೆಟ್ ಚಹಾ ಮಾಡುವಷ್ಟು ಬಿಸಿ ಇರುತ್ತದೆ.

(ನೀರಿನ ಮೇಲೆ ನಾಲ್ಕೈದು ಪ್ರಶ್ನೆ ಒಟ್ಟಿಗೇ ಬಂದವು.)

ಎಸಿಯಿಂದ ತೊಟ್ಟಿಕ್ಕುವ ನೀರು ಹಾಕಬಹುದೇ? ಧಾರಾಳವಾಗಿ. ಅದು ಗಾಳಿಯ ತೇವ ತಣಿದು ಬಂದ ನೀರು, ಉಪ್ಪಿನ ಅಂಶ ಇಲ್ಲ. ಅಕ್ಕಿ, ಬೇಳೆ ತೊಳೆದದ್ದೂ ಆಗುತ್ತದೆ, ಅವತ್ತೇ ಹಾಕಬೇಕು. ಆರ್‌ಓ ಫಿಲ್ಟರಿನ ಹೊರಗೆ ಬಿಡುವ ನೀರು? ಅದರಲ್ಲಿ ಉಪ್ಪೆಲ್ಲ ಒಟ್ಟಾಗಿರುತ್ತದೆ. ನೆಲ ಒರೆಸಿ, ಟಾಯ್ಲೆಟ್ಟಿಗೆ ಹಾಕಿ. ದಿನಾ ಗಿಡಕ್ಕೆ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿ ಎಲೆಯ ತುದಿ ಸುಡುತ್ತದೆ. ಟ್ಯಾಂಕರಿನ ನೀರು ಗಡಸಾಗಿದ್ದರೂ ಇದೇ ಗತಿ. ತಿಂಗಳಿಗೊಮ್ಮೆ ಒಳ್ಳೆಯ ನೀರಿನಲ್ಲಿ ಚಟ್ಟಿಯನ್ನು ತೊಳೆಯುವಂತೆ ಹರಿಸಿಬಿಡಿ, ಕೆಳಗೆ ಅಂಗಿ ಇಲ್ಲ ಎಂದು ನೋಡಿಕೊಂಡು. ವಾರಕ್ಕೊಂದು ದಿನ ನೀರು ಬಂದ್ ಇರುವ ಕಡೆ ಏನು ಮಾಡುವುದು ಎಂದು ಕೇಳಿದಿರಿ. ಹೊದಿಕೆ ಎರಡು ಇಂಚು ಇದ್ದರೆ ದೊಡ್ಡ ಚಟ್ಟಿ ಒಂದು ದಿನವನ್ನು ಹೇಗೂ ಕಳೆಯುತ್ತದೆ. ನನ್ನದು ಕಳೆಯುತ್ತದೆ.

ಇನ್ನು ಹೂವು. ಇದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಸೌತೆ, ಹೀರೆ, ಪಡುವಲ, ಸೋರೆ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಮೊದಲು ಬರುವುದೆಲ್ಲ ಗಂಡು. ಎಂಟು ಹತ್ತು ದಿನ ಅರಳಿ ಉದುರುತ್ತವೆ, ನಾವು ರೋಗ ಬಂತು ಅನ್ನುತ್ತೇವೆ. ರೋಗವಲ್ಲ, ದಿಬ್ಬಣ ಮೊದಲು ಬಂದಿದೆ, ಮದುಮಗಳು ಇನ್ನೂ ಸಿಂಗರಿಸಿಕೊಳ್ಳುತ್ತಿದ್ದಾಳೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯೇ ಇರುತ್ತದೆ, ಗುರುತು ತಪ್ಪುವುದಿಲ್ಲ. ಸೆಕೆ ಜಾಸ್ತಿಯಾದಷ್ಟೂ ಗಂಡು ಹೂವೇ ಜಾಸ್ತಿ, ಅದಕ್ಕೇ ಮಾರ್ಚ್ ಆರಂಭದಲ್ಲಿ ಬಿತ್ತಿದ್ದು ಏಪ್ರಿಲಿನಲ್ಲಿ ಬಿತ್ತಿದ್ದಕ್ಕಿಂತ ಮೇಲು.

ನಾಲ್ಕನೇ ಮಹಡಿಗೆ ಜೇನು ಬಂದರೆ ಬಂತು. ಬರದಿದ್ದರೆ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ನಡುವಿನ ಪರಾಗವನ್ನು ಹೆಣ್ಣು ಹೂವಿಗೆ ನಾವೇ ಸವರಬೇಕು. ಆದರೆ ಯಾವಾಗ? ಸೌತೆ, ಕುಂಬಳ, ಹಾಗಲ ಅರಳುವುದು ಬೆಳಿಗ್ಗೆ, ಒಂಬತ್ತರೊಳಗೆ ಕೆಲಸ ಮುಗಿಯಬೇಕು. ಹೀರೆ ಅರಳುವುದು ಸಂಜೆ ಐದರ ಮೇಲೆ. ಸೋರೆ, ಪಡುವಲದ ಬಿಳಿ ಹೂವು ಇನ್ನೂ ತಡ, ಅವು ರಾತ್ರಿಯ ಪತಂಗವನ್ನು ಕಾಯುವ ಹೂವು. ನೌಕರಿಯಲ್ಲಿದ್ದಾಗ ನಾನು ಬೆಳಗಿನ ಫಾಸ್ಟ್ ಲೋಕಲ್ ಹಿಡಿಯುತ್ತಿದ್ದೆ. ಸೌತೆ ಹೂವು ಕಣ್ಣು ಬಿಡುವ ಹೊತ್ತಿಗೆ ಘಾಟ್‌ಕೋಪರಿನಲ್ಲಿ ಯಾರದೋ ಮೊಣಕೈಯ ಕೆಳಗೆ ನಿಂತಿರುತ್ತಿದ್ದೆ. ಆದ್ದರಿಂದ ನನ್ನ ಸೌತೆ ವರ್ಷಗಟ್ಟಲೆ ಕಾಯಿ ಬಿಡಲಿಲ್ಲ, ಹೀರೆ ಮಾತ್ರ ಮೈತುಂಬ ಬಿಟ್ಟಿತು. ಸಂಜೆ ಏಳಕ್ಕೆ ಚಪ್ಪಲಿ ಬಿಟ್ಟು ನೇರ ಗ್ರಿಲ್ಲಿಗೆ ಹೋದರೆ ಹಳದಿ ಹೂವು ಆಗಷ್ಟೇ ಅರಳಿ ಕಾಯುತ್ತಿತ್ತು. ಇಲ್ಲಿರುವ ನೌಕರಿಯವರಿಗೆ ಹೀರೆ, ಪಡುವಲ. ಮನೆಯಲ್ಲಿರುವವರಿಗೆ, ನಿವೃತ್ತರಿಗೆ ಸೌತೆ, ಹಾಗಲ. ಬೆಂಡೆ, ಅಲಸಂಡೆಗೆ ಯಾರ ಸಹಾಯವೂ ಬೇಡ, ಅವು ತಮ್ಮ ಪಾಡಿಗೆ ಕಾಯಿ ಕಟ್ಟುತ್ತವೆ. ಬೆಂಡೆ ಹೂ ಬಿಟ್ಟ ಐದಾರನೇ ದಿನಕ್ಕೆ ಕೊಯ್ಯಿರಿ. ಎರಡು ದಿನ ಮರೆತರೆ ಅದು ತರಕಾರಿಯಲ್ಲ, ಹಗ್ಗ.

ಕೀಟದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಣಗಾಳಿಯಲ್ಲಿ ಎಲೆಯ ಅಡಿಯಲ್ಲಿ ಕೆಂಪು ನುಸಿ ಬಲೆ ಕಟ್ಟುತ್ತದೆ, ಬೆಳಿಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಚಿಮುಕಿಸಿದರೆ ಅರ್ಧ ಹೋಗುತ್ತದೆ. ಹಿಟ್ಟು ತಿಗಣೆಗೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರವ, ಸಂಜೆಯೇ ಹೊಡೆಯಬೇಕು, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಸೌತೆ ಎಳೆಗಾಯಿಗೆ ಹಣ್ಣುನೊಣ ಚುಚ್ಚಿ ಮೊಟ್ಟೆ ಇಡುವ ಮೊದಲು ಹಳೆಯ ಪೇಪರಿನ ಟೋಪಿ ಹಾಕಿ. ನಮ್ಮಮ್ಮ ಎಲೆಯ ಮೇಲೆ ಇಬ್ಬನಿ ಇರುವಾಗಲೇ ಒಲೆಯ ಬೂದಿ ಎರಚುತ್ತಿದ್ದರು, ಕೆಂಪು ದುಂಬಿಗೆ. ನಮಗೆ ಒಲೆಯೂ ಇಲ್ಲ, ಇಬ್ಬನಿಯೂ ಇಲ್ಲ. ಪಾರಿವಾಳಕ್ಕೆ ಬಲೆ ಬಿಟ್ಟು ಬೇರೆ ಮದ್ದು ನನಗೆ ಸಿಕ್ಕಿಲ್ಲ. ಮಾತಾಡಿ ನೋಡಿದೆ, ಕೇಳುವುದಿಲ್ಲ.

ಗೊಬ್ಬರ ಈ ಸೆಕೆಯಲ್ಲಿ ಕಡಿಮೆಯೇ ಇರಲಿ. ಜೀವಾಮೃತದ ವಿಚಾರ ಕೇಳಿರುತ್ತೀರಿ, 200 ಲೀಟರ್ ನೀರಿಗೆ 10 ಕಿಲೋ ಸೆಗಣಿ, ಗೋಮೂತ್ರ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು. ಒಂದು ಎಕರೆ ಹೊಲಕ್ಕೆ ಮಾಡಿದ ಲೆಕ್ಕ ಅದು. ನಾನು ಅದನ್ನು ಇಪ್ಪತ್ತನೇ ಒಂದು ಭಾಗಕ್ಕೆ ಇಳಿಸಿ ಬಾಲ್ಕನಿಯಲ್ಲಿ ಕಲಸಿಟ್ಟೆ. ಮೂರನೇ ದಿನ ಸೊಸೈಟಿಯ ಸೆಕ್ರೆಟರಿ ಗ್ಯಾಸ್ ಲೀಕ್ ಎಲ್ಲಿಂದ ಎಂದು ಪ್ರತಿ ಮಹಡಿಯಲ್ಲೂ ಮೂಸುತ್ತಾ ಬಂದರು. ನಾನೂ ಅವರ ಜೊತೆ ಮೂಸುತ್ತಾ ಟೆರೇಸಿನವರೆಗೆ ಹೋಗಿಬಂದೆ. ಈಗ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಹಳೆಯ ಕಾಂಪೋಸ್ಟು, ಸಂಜೆ, ನೀರು ಹಾಕಿದ ಮೇಲೆ. ಒಣ ಮಣ್ಣಿಗೆ ಯಾವ ಗೊಬ್ಬರವೂ ಬೇಡ.

ನಮಗೆ ಸಿಗುವುದು ಒಟ್ಟು 102 ದಿನ. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಆಮೇಲೆ ಸೌತೆ, ಬೆಂಡೆ ಕೊಳೆಯಲು ಶುರು. ಅಷ್ಟರೊಳಗೆ ಹರಿವೆ ಮೂರು ಸಲ ಬಂದುಹೋಗುತ್ತದೆ, ಬೆಂಡೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಕೊಡುತ್ತದೆ. ಪ್ರತಿ ಬಳ್ಳಿಯಲ್ಲಿ ಒಳ್ಳೆಯ ಒಂದು ಕಾಯಿಗೆ ದಾರ ಕಟ್ಟಿ ಬೀಜಕ್ಕೆ ಬಿಡಿ, ಮೇ ಬಿಸಿಲಿನಲ್ಲೇ ಒಣಗಿಸಿ ಡಬ್ಬಿಗೆ ಹಾಕಿ. ಮಳೆ ಬಿದ್ದ ಮೇಲೆ ಒಣಗಿಸಿದ್ದೆಲ್ಲ ಬೂಸ್ಟು ಹಿಡಿಯುತ್ತದೆ.

ಹೊರಗೆ ಚಹಾದ ಮೇಜಿನ ಪಕ್ಕ ಕಾಗದದ ಪೊಟ್ಟಣ ಇಟ್ಟಿದ್ದೇನೆ, ಹೋದ ವರ್ಷದ ನನ್ನ ಬಳ್ಳಿಯ ಮುಳ್ಳುಸೌತೆ. ಮನೆಗೊಂದು, ಪೊಟ್ಟಣದಲ್ಲಿ ಆರು ಬೀಜ. ನಾಲ್ಕು ಇವತ್ತು ಬಿತ್ತಿ, ಎರಡು ಇಟ್ಟುಕೊಳ್ಳಿ. ಮೊದಲ ನಾಲ್ಕನ್ನು ಪಾರಿವಾಳ ಕಿತ್ತರೆ ಬೇಕಾಗುತ್ತದೆ.

(ಹಿಂದಿನ ಸಾಲಿನಿಂದ ಕೊನೆಯ ಪ್ರಶ್ನೆ: ಇಷ್ಟೆಲ್ಲ ಮಾಡಿಯೂ ಕಣಿಗೆ ಕಾಯಿ ಆಗದಿದ್ದರೆ?)

ಹಿಂದಿನ ದಿನ ಸಂಜೆ ಮಂಗಳೂರು ಸ್ಟೋರು ತೆರೆದೇ ಇರುತ್ತದೆ. ನಾನೇ ಎರಡು ವರ್ಷ ಅಲ್ಲಿಂದ ಸೌತೆ ತಂದು, ತೊಟ್ಟಿಗೆ ಸ್ವಲ್ಪ ಮಣ್ಣು ಸವರಿ ಕಣಿಗೆ ಇಟ್ಟಿದ್ದೆ. ಮನೆಯವರಿಗೆ ಇವತ್ತಿನವರೆಗೂ ಹೇಳಿರಲಿಲ್ಲ. ಅವರು ಮೂರನೇ ಸಾಲಿನಲ್ಲಿ ಕೂತಿದ್ದಾರೆ.